ಊರು ಬಿಟ್ಟು ಬಂದವರ ಊರು ತೋಡೂರು

ಕಾರವಾರದಿಂದ ಅಂಕೋಲೆಗೆ ಹೋಗುವ ಬಸ್ಸು ಹತ್ತಿದರೆ ಬಲಗಡೆಯ ಕಿಟಕಿಯೇ ಬೇಕೆಂದು ಮಕ್ಕಳು ಜಗಳ ಮಾಡುತ್ತಾರೆ. ಆ ಕಡೆ ಸಮುದ್ರ. ಆದರೆ ಬಿಣಗಾ ಕಳೆದು ಅರ್ಗಾ ಬರುತ್ತಿದ್ದಂತೆ ಸಮುದ್ರ ಮರೆಯಾಗಿ ನೌಕಾನೆಲೆಯ ಗೋಡೆ ಶುರುವಾಗುತ್ತದೆ. ಆ ಗೋಡೆ ನೋಡುತ್ತ ನೋಡುತ್ತ ಜಗಳವಾಡಿದ ಮಕ್ಕಳಿಗೆ ನಿದ್ದೆ ಬರುತ್ತದೆ. ಮುಂದೆ ಅಮದಳ್ಳಿ. ವೀರಗಣಪತಿಯ ಭಕ್ತರಿಗೆ ಆ ಹೆಸರು ಗೊತ್ತು. ಅದರ ನೆರೆಯ ತೋಡೂರು ಮಾತ್ರ ಪ್ರವಾಸಿಗರ ಪಟ್ಟಿಯಲ್ಲಿ ಬರುವ ಊರಲ್ಲ. ಒಂದು ಕಡೆ ಸಹ್ಯಾದ್ರಿಯ ಗುಡ್ಡ, ಇನ್ನೊಂದು ಕಡೆ ಹೆದ್ದಾರಿ, ನಡುವೆ ತೆಂಗು, ಗದ್ದೆ, ಮನೆಗಳು. ಜತೆಗೆ ಸಾಲಾಗಿ ಅಳೆದು ಹಂಚಿದ ನಿವೇಶನಗಳ ಕಾಲನಿ.

ನಾನು ಅಲ್ಲಿಗೆ ಹೋದದ್ದು ಒಂದು ಪ್ರಬಂಧದ ದೆಸೆಯಿಂದ. ಕಾಲನಿಯಲ್ಲಿರುವ ನನ್ನ ಸ್ನೇಹಿತರ ಮಗ ಹತ್ತನೆಯ ತರಗತಿ. ಶಾಲೆಯಲ್ಲಿ ‘ನಮ್ಮೂರ ಹಬ್ಬ’ ಎಂದು ಎರಡು ಪುಟ ಬರೆದು ತರಲು ಹೇಳಿದ್ದರಂತೆ. ಹುಡುಗ ಅಪ್ಪನನ್ನು ಕೇಳಿದ, ‘ನಮ್ಮೂರು ಅಂದ್ರೆ ಯಾವುದು?’ ಅಪ್ಪ ಉತ್ತರ ಹೇಳಲಾರದೆ, ‘ಅಜ್ಜಿಯನ್ನು ಕೇಳು’ ಎಂದು ಜಾರಿಕೊಂಡರು. ಅಜ್ಜಿ ಹೇಳಿದ ಊರು ಈಗ ಆ ಗೋಡೆಯ ಒಳಗಿದೆ. ಹುಡುಗ ಅದನ್ನು ಒಮ್ಮೆಯೂ ಕಂಡಿಲ್ಲ.

ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿದ್ದದ್ದು 1986ರ ಅಕ್ಟೋಬರ್ 24ರಂದು, ಆಗಿನ ಪ್ರಧಾನಿ ರಾಜೀವ್ ಗಾಂಧಿಯವರಿಂದ. ಆಮೇಲೆ ಬಹಳ ವರ್ಷ ಏನೂ ಆಗಲಿಲ್ಲ. ಹೋಗಬೇಕೋ ಇರಬೇಕೋ ತಿಳಿಯದೆ ಜನ ಹೊಸ ಮನೆ ಕಟ್ಟಲೂ ಹಿಂಜರಿದರು. ಶತಮಾನದ ಕೊನೆಯ ಹೊತ್ತಿಗೆ ಹೊರಡಲೇಬೇಕಾಯಿತು. ಕಾರವಾರ, ಅಂಕೋಲಾ ತಾಲ್ಲೂಕುಗಳ ಕರಾವಳಿಯ ಸಾವಿರಾರು ಕುಟುಂಬಗಳು ಎದ್ದವು. ಬೇಸಾಯಗಾರರೂ ಇದ್ದರು, ಮೀನುಗಾರರೂ ಇದ್ದರು. ತೋಡೂರು, ಚಿತ್ತಾಕುಲ, ಮುಡಗೇರಿ ಮುಂತಾದ ಕಡೆ ಪುನರ್ವಸತಿಯಾಯಿತು. ಐಎನ್‌ಎಸ್ ಕದಂಬ ನೌಕಾನೆಲೆ 2005ರ ಮೇ 31ರಂದು ಕಾರ್ಯಾರಂಭ ಮಾಡಿತು. ಪರಿಹಾರದ ಮೊಕದ್ದಮೆಗಳು ಅದರ ನಂತರವೂ ವರ್ಷಗಟ್ಟಲೆ ನಡೆದವು. ದೇಶದ ರಕ್ಷಣೆಗೆ ನೆಲೆ ಬೇಕು ಎಂಬುದನ್ನು ಇಲ್ಲಿ ಯಾರೂ ಅಲ್ಲಗಳೆಯುವುದಿಲ್ಲ. ಅಜ್ಜಿಯೂ ಅಲ್ಲಗಳೆಯಲಿಲ್ಲ.

ಮನೆಗೆ ಇಷ್ಟು, ತೆಂಗಿನ ಮರಕ್ಕೆ ಇಷ್ಟು ಎಂದು ಲೆಕ್ಕ ಹಾಕಬಹುದು. ದೇವರ ಲೆಕ್ಕ ಹೇಗೆ? ನಾನು ಹೋದ ದಿನ ಮಾತು ಅಲ್ಲಿಗೇ ಬಂದು ನಿಂತಿತು.

ದೇವರು ಸ್ಥಳ ಬದಲಿಸುವುದು ಈ ಸೀಮೆಗೆ ಹೊಸದಲ್ಲ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಗೋವೆಯ ಗುಡಿಗಳನ್ನು ಕೆಡವತೊಡಗಿದಾಗ, 1560ರ ಸುಮಾರಿಗೆ, ಕುಶಸ್ಥಳಿಯ ಮಂಗೇಶ ಹೊಳೆ ದಾಟಿ ಪ್ರಿಯೋಳಕ್ಕೆ ಹೋದ. ಕೆಳಶಿಯ ಶಾಂತಾದುರ್ಗೆ ಕವಳೆಗೆ ಹೋದಳು. ಅಷ್ಟು ದೂರವೇಕೆ, ಕಾರವಾರದ ಎದುರಿಗೇ ಅಂಜುದೀವ ದ್ವೀಪವಿದೆ. 1505ರಲ್ಲಿ ಪೋರ್ಚುಗೀಸರು ಅಲ್ಲಿ ಕೋಟೆ ಕಟ್ಟಿದರು; 1961ರ ಡಿಸೆಂಬರಿನಲ್ಲಿ ಭಾರತೀಯ ನೌಕಾಪಡೆ ಅದನ್ನು ಗೆದ್ದಿತು; ಇಂದು ಅದು ಇದೇ ನೌಕಾನೆಲೆಯ ಭಾಗ. ಅಂಕೋಲೆಯ ಆರ್ಯಾದುರ್ಗೆ ಮೂಲತಃ ಆ ದ್ವೀಪದವಳು, ಪರಂಗಿಯವರ ಉಪಟಳದಿಂದ ಈಚೆಗೆ ಬಂದಳು ಎಂದು ಜನ ನಂಬುತ್ತಾರೆ. ದ್ವೀಪದ ಕ್ರೈಸ್ತ ಇಗರ್ಜಿಗೆ ಹಬ್ಬದ ದಿನ ಗೋವೆಯಿಂದ ದೋಣಿಗಳಲ್ಲಿ ಬರುತ್ತಿದ್ದವರಿಗೂ ಈಗ ಮೊದಲಿನಂತೆ ಹೋಗಿಬರಲಾಗುವುದಿಲ್ಲ. ನೆನಪಿನ ನಷ್ಟ ಒಂದೇ ಮತದವರದಲ್ಲ.

ಹಾಗಾದರೆ ಹೊಸ ಕಾಲನಿಯಲ್ಲೂ ಗುಡಿ ಕಟ್ಟಿಕೊಂಡರೆ ಆಯಿತಲ್ಲ ಎನ್ನಬಹುದು. ಶಾಸ್ತ್ರವೂ ಅದಕ್ಕೆ ದಾರಿ ಇಟ್ಟಿದೆ. ಕಲಾಸಂಕೋಚ ಮಾಡಿ ಮೂರ್ತಿಯ ಶಕ್ತಿಯನ್ನು ಕಲಶದ ನೀರಿಗೆ ಬರಮಾಡಿಕೊಂಡು, ಹೊಸ ಜಾಗದಲ್ಲಿ ಮತ್ತೆ ಪ್ರತಿಷ್ಠೆ ಮಾಡುತ್ತಾರೆ. ಅದಕ್ಕೂ ಮೊದಲು ದೇವರ ಒಪ್ಪಿಗೆ ಬೇಕು. ಮೂರ್ತಿಗೆ ಹೂವಿನ ಎಸಳು ಹಚ್ಚಿ, ಬಲಕ್ಕೆ ಬಿದ್ದೀತೋ ಎಡಕ್ಕೆ ಬಿದ್ದೀತೋ ಎಂದು ಉಸಿರು ಹಿಡಿದು ಕಾಯುವ ‘ಪ್ರಸಾದ ಕೇಳುವ’ ಪದ್ಧತಿ ಈ ಕಡೆ ಮದುವೆಯಿಂದ ಹಿಡಿದು ಬಾವಿ ತೋಡುವುದರವರೆಗೆ ಎಲ್ಲಕ್ಕೂ ಉಂಟು. ಸರಕಾರ ನೋಟೀಸು ಕೊಟ್ಟ ಮೇಲೆ ದೇವರ ಒಪ್ಪಿಗೆ ಕೇಳುವುದರಲ್ಲಿ ಏನರ್ಥ ಎಂದು ನಾನು ಕೇಳಿದೆ. ‘ಕೇಳದೆ ಹೊರಡೋದು ಹೇಗೆ ತಮಾ? ಬಾಡಿಗೆ ಮನೆ ಬಿಡೋವಾಗ್ಲೂ ಹೇಳಿ ಬರ್ತೀರಲ್ಲ’ ಎಂದರು ಅಜ್ಜಿ.

ಆದರೆ ಎಲ್ಲ ದೇವರೂ ಕಲಶದಲ್ಲಿ ಬರುವವರಲ್ಲ. ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕು. ಕುಲದೇವರು ವಂಶಕ್ಕೆ ಸೇರಿದವನು. ವಂಶ ಎಲ್ಲಿದ್ದರೂ ಅವನದೇ. ಕಾರವಾರದ ಎಷ್ಟೋ ಮನೆಗಳ ಕುಲದೇವರು ಗೋವೆಯಲ್ಲಿದ್ದಾನೆ, ವರ್ಷಕ್ಕೊಮ್ಮೆ ಹೋಗಿ ಬಂದರೆ ಸಾಕು. ಗ್ರಾಮದೇವತೆಯ ಸಂಗತಿ ಬೇರೆ. ಜಟಗ, ಮಾಸ್ತಿ, ಚೌಡಿ, ನಾಗ ಇವರಿಗೆ ಒಂದು ಮರ, ಒಂದು ಕಲ್ಲು, ಒಂದು ಗಡಿ. ಗಡಿ ಕಾಯುವುದೇ ಅವರ ಕೆಲಸ. ಗಡಿಯನ್ನು ಕಿತ್ತು ಲಾರಿಗೆ ಹಾಕುವುದು ಹೇಗೆ?

ಹೊಲಗದ್ದೆಗೆ ಅಂಟಿದ ಹಬ್ಬಗಳಿಗೂ ಇದೇ ಗತಿ. ಹಾಲಕ್ಕಿ ಒಕ್ಕಲಿಗರ ಸುಗ್ಗಿಯನ್ನೇ ನೋಡಿ. ಫಾಲ್ಗುಣದಲ್ಲಿ ತಲೆಗೆ ಬಣ್ಣದ ತುರಾಯಿ ಕಟ್ಟಿ, ಗುಮಟೆ ಬಾರಿಸುತ್ತ ತಂಡ ಮನೆಯಿಂದ ಮನೆಗೆ ಕುಣಿಯುತ್ತ ಹೋಗುತ್ತದೆ. ಯಾವ ಕೊಪ್ಪದವರು ಎಲ್ಲಿಂದ ಹೊರಡಬೇಕು, ಯಾವ ಗುಡಿಗೆ ಮೊದಲು ನಮಸ್ಕಾರ ಎಂಬುದಕ್ಕೆಲ್ಲ ಕಟ್ಟುಪಾಡು; ಊರಗೌಡ, ಬುಧವಂತ ಎಂದು ಅದನ್ನು ನಡೆಸುವ ಹಿರಿಯರು. ಕೊಪ್ಪವೇ ಚದುರಿದರೆ ಕುಣಿತ ಉಳಿದೀತು, ಹಾದಿ ಉಳಿಯುವುದಿಲ್ಲ.

ಇಲ್ಲಿ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ಹಳೆಯ ಊರಿನ ಜಾತ್ರೆಯೆಂದರೆ ಎಲ್ಲರೂ ಒಂದಾಗಿದ್ದರು ಎಂದು ನಾವು ಬರೆಯುತ್ತೇವೆ. ಒಂದಾಗಿದ್ದದ್ದು ನಿಜ, ಸರಿಸಮನಾಗಿ ಅಲ್ಲ. ವಾದ್ಯ ಯಾರದು, ದೀವಟಿಗೆ ಯಾರದು, ಗುಡಿಯ ಮೆಟ್ಟಿಲು ಹತ್ತುವವರು ಯಾರು, ಅಂಗಳದಲ್ಲೇ ನಿಲ್ಲುವವರು ಯಾರು ಎಂಬುದೆಲ್ಲ ಜಾತಿಯ ಮೇಲೆ ಗೊತ್ತಾಗಿತ್ತು. ಸ್ನೇಹಿತರು ನಗುತ್ತ ಹೇಳಿದರು: ‘ಇಲ್ಲಿ ಸೈಟಿಗೆ ನಂಬರು ಮಾತ್ರ. ನಮ್ಮ ಅಪ್ಪ ಯಾರ ಮನೆಯ ನೀರು ಕುಡಿಯುತ್ತಿರಲಿಲ್ಲವೋ ಅವರ ಮನೆಯ ಚಾ ನನಗೆ ದಿನಾ ಆಗಬೇಕು.’ ಅಜ್ಜಿ ಕೇಳಿಸದವರಂತೆ ಎಲೆ ಅಡಿಕೆ ಮಡಚುತ್ತಿದ್ದರು.

ನಂಬಿಕೆ ಗಟ್ಟಿಯೆನ್ನುತ್ತೇವೆ, ಅದು ನೀರಿನ ಹಾಗೆ ಇರುವ ಪಾತ್ರೆಗೆ ಒಗ್ಗಿಕೊಳ್ಳುವುದೂ ಉಂಟು. ಕಾರವಾರದ ಕೋಡಿಬಾಗದಲ್ಲಿ ಖಾಪ್ರಿ ದೇವರಿದ್ದಾನೆ. ಆಫ್ರಿಕದಿಂದ ಬಂದವನೆಂದು ಪ್ರತೀತಿ. ಅವನಿಗೆ ಸಿಗರೇಟು, ಮದ್ಯದ ಹರಕೆ. ಹೊರಗಿನವನೇ ಇಲ್ಲಿ ದೇವರಾಗಿ ಕುಳಿತ ಮೇಲೆ, ಒಳಗಿನವರು ಹೊಸ ಜಾಗದಲ್ಲಿ ಊರು ಮಾಡಿಕೊಳ್ಳಲಾರರೇ ಎಂದು ನಾನು ವಾದ ಹೂಡಿದೆ. ಅಜ್ಜಿಗೆ ಅದು ಅಷ್ಟೇನೂ ಹಿಡಿಸಲಿಲ್ಲ. ಅವರ ಮನಸ್ಸೆಲ್ಲ ಹೊಸ್ತಿನ ಮೇಲಿತ್ತು.

ಹೊಸ್ತು ಎಂದರೆ ಹೊಸ ಕದಿರಿನ ಹಬ್ಬ. ಮನೆಯ ಯಜಮಾನ ನಸುಕಿನಲ್ಲಿ ಗದ್ದೆಗೆ ಹೋಗಿ, ಪೂಜೆ ಮಾಡಿ, ಮೊದಲ ಕದಿರನ್ನು ಕೊಯ್ದು ತಲೆಯ ಮೇಲೆ ಹೊತ್ತು ತರುತ್ತಾನೆ. ತುಳಸಿ ಕಟ್ಟೆಯ ಎದುರು ಇಳಿಸಿ, ಬಾಗಿಲಿಗೆ, ದೇವರ ಪೀಠಕ್ಕೆ ಕಟ್ಟುತ್ತಾರೆ. ಹೊಸ ಅಕ್ಕಿಯ ನಾಲ್ಕು ಕಾಳು ಅಂದಿನ ಅನ್ನಕ್ಕೆ ಬೀಳಬೇಕು. ಗದ್ದೆ ಹೋದ ಮೇಲೆ ಮೊದಲ ವರ್ಷಗಳಲ್ಲಿ ಪಕ್ಕದ ಊರಿನವರ ಗದ್ದೆಯಿಂದ ಕೇಳಿ ತಂದರಂತೆ. ಕೊಡುವವರು ಸಂತೋಷದಿಂದಲೇ ಕೊಟ್ಟರು. ‘ಆದ್ರೆ ಬೇಡಿ ತಂದ ಕದಿರು ತಲೆ ಮೇಲೆ ಭಾರ ಅನಿಸ್ತದೆ’ ಎಂದರು ಅಜ್ಜಿ.

ಹುಡುಗ ಪ್ರಬಂಧ ತೋರಿಸಿದ. ಮೊದಲ ಪುಟದಲ್ಲಿ ಅಜ್ಜಿ ಹೇಳಿದ ಊರು, ತಾನೇ ನೋಡಿದವನ ಹಾಗೆ. ಎರಡನೆಯ ಪುಟದಲ್ಲಿ ಕಾಲನಿಯ ತುಳಸಿ ಮದುವೆ. ಯಾರ ಮನೆಯ ಕಬ್ಬು, ಯಾರ ಮನೆಯ ನೆಲ್ಲಿ ಟೊಂಗೆ ಎಂಬ ವಿವರವೆಲ್ಲ ಇತ್ತು. ತಲೆಬರಹದಲ್ಲಿ ‘ನಮ್ಮೂರ’ ಎಂಬುದನ್ನು ಎರಡು ಸಲ ಹೊಡೆದು ಹಾಕಿ ಮತ್ತೆ ಅದನ್ನೇ ಬರೆದಿದ್ದ. ಮಾರ್ಕು ಎಷ್ಟು ಬರಬಹುದು ಎಂದು ಕೇಳಿದ. ಅದು ನಿಮ್ಮ ಮಾಸ್ತರರಿಗೆ ಗೊತ್ತು ಎಂದೆ.

ಹೊರಡುವಾಗ ಅಜ್ಜಿ ಹಿತ್ತಲಿಗೆ ಕರೆದರು. ಬಾವಿಯ ಹತ್ತಿರ ಹಳೆಯ ಬಣ್ಣದ ಡಬ್ಬಿಗಳು ಮೂರು. ಮೂರರಲ್ಲೂ ಕೆಸರು ತುಂಬಿ ಭತ್ತದ ಸಸಿ ನೆಟ್ಟಿದ್ದರು. ಕೋಳಿ ಮುಟ್ಟದಂತೆ ಸುತ್ತ ಹರಿದ ಬಲೆಯ ತುಂಡು ಕಟ್ಟಿತ್ತು. ‘ಚೌತಿಯ ಹೊತ್ತಿಗೆ ಕದಿರು ಬಿಡ್ತದೆ’ ಎಂದು ಹೇಳಿ, ಒಂದು ಡಬ್ಬಿಯಲ್ಲಿ ನೀರು ಕಡಿಮೆಯಾದದ್ದು ಕಂಡು ಮೊಮ್ಮಗನನ್ನು ಕೂಗಿ ಕರೆದರು.