ಏಳೂಕಾಲರ ಬಸ್ಸೂ ಹುರಿಹಿಟ್ಟೂ

ಏಳೂಕಾಲಕ್ಕೆ ಶಾಲೆಯ ಬಸ್ಸು. ಏಳು ಹತ್ತಕ್ಕೆ ತಟ್ಟೆಯಲ್ಲಿ ಹಬೆಯಾಡುವ ಉಪ್ಪಿಟ್ಟು. ಊದಿ ಊದಿ ತಿನ್ನುವ ಪುರುಸೊತ್ತು ಎಸ್ಸೆಸ್ಸೆಲ್ಸಿ ಹುಡುಗಿಗೆ ಎಲ್ಲಿ ಬರಬೇಕು? ‘ಹಸಿವಿಲ್ಲಮ್ಮಾ’ ಎಂದು ಅವಳು ಓಡುವುದು ಪೂರ್ತಿ ಸುಳ್ಳೂ ಅಲ್ಲ. ರಾತ್ರಿ ಹತ್ತೂವರೆಗೆ ಉಂಡವರಿಗೆ ಬೆಳಿಗ್ಗೆ ಹಸಿವಾಗುವುದಾದರೂ ಹೇಗೆ? ಎರಡನೆಯ ಪೀರಿಯಡ್ಡಿನ ಹೊತ್ತಿಗೆ ಮಾತ್ರ ಹೊಟ್ಟೆ ಚುರುಗುಟ್ಟುತ್ತದೆ, ಪ್ರಮೇಯ ತಲೆಗೆ ಹತ್ತುವುದಿಲ್ಲ. ಪಾಠದ ಕಡೆ ಗಮನವಿಲ್ಲ ಎನ್ನುತ್ತಾರೆ ಮೇಷ್ಟ್ರು. ಟ್ಯೂಷನ್ನಿಗೆ ಹಾಕುತ್ತಾರೆ ಅಪ್ಪ. ಅದು ಮುಗಿಯುವಾಗ ರಾತ್ರಿ ಒಂಬತ್ತು. ಊಟ ಇನ್ನಷ್ಟು ತಡ!

ಹಳೇ ಮೈಸೂರಿನ ಅಜ್ಜಿಯರ ಬಳಿ ಇಂಥ ಅವಸರಕ್ಕೊಂದು ಉಪಾಯವಿದೆ: ರಾಗಿ ಹುರಿಹಿಟ್ಟು. ನೀರು ತೋರಿಸಿ ಆರಿಸಿದ ರಾಗಿಯನ್ನು ಕಾದ ಬಾಣಲೆಯಲ್ಲಿ ಅರಳುವಂತೆ ಹುರಿದು ಬೀಸಿದ ಹಿಟ್ಟು. ಹುರಿದಾಗಲೇ ಹದವಾಗಿರುವುದರಿಂದ ಬೆಳಿಗ್ಗೆ ಒಲೆ ಹಚ್ಚಬೇಕಿಲ್ಲ. ಹಾಲು, ಬೆಲ್ಲ, ಕಾಯಿತುರಿ ಹಾಕಿ ಕಲಸಲು ಎರಡು ನಿಮಿಷ ಸಾಕು. ಮಜ್ಜಿಗೆಯಲ್ಲಿ ಕದಡಿದರೆ ಶೂ ಹಾಕಿಕೊಳ್ಳುತ್ತಲೇ ಕುಡಿಯಬಹುದು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಬೆಳೆಯುವ ಮೂಳೆಗೆ ಇನ್ನೇನು ಬೇಕು? ರಾಜ್ಯದ ಸರ್ಕಾರಿ ಶಾಲೆಗಳ ಹಾಲಿಗೂ 2024ರಲ್ಲಿ ರಾಗಿ ಮಾಲ್ಟ್ ಸೇರಿತು. ದಿನವೂ ಅದೇ ಎಂದು ಮಕ್ಕಳು ಮೂಗು ಮುರಿದರೆ ತೆಳು ಅವಲಕ್ಕಿಗೆ ಮೊಸರು, ಒಂದು ಬಾಳೆಹಣ್ಣು. ಬಿಸ್ಕತ್ತು ಅದ್ದಿದ ಟೀ ಮಾತ್ರ ತಿಂಡಿಯಲ್ಲ.

ಆದರೂ ಟ್ಯೂಷನ್ನಿಗೆ ಹೊರಡುವ ಮುಂಚೆಯೇ ಅರ್ಧ ಊಟ ಮುಗಿಯದಿದ್ದರೆ ಬೆಳಗಿನ ಲೋಟ ಹಾಗೇ ಉಳಿದೀತು. ಅಂದಹಾಗೆ, ಕಲಸುವಾಗ ಎರಡು ಲೋಟ ಕಲಸುವುದು ಒಳ್ಳೆಯದು. ಎಲ್ಲರ ಡಬ್ಬಿ ಕಟ್ಟಿ ಕಳಿಸುವ ತಾಯಿಯ ತಿಂಡಿ ಹತ್ತು ಗಂಟೆಗೆ, ಅದೂ ತಣ್ಣಗಾದ ಆ ಉಪ್ಪಿಟ್ಟೇ.