ಸದ್ದು ಭಾಯಿಗೆ, ಮಾತು ನನಗೆ

ನಾನು ಕೇಳುವ ಹಾಡುಗಳ ಬಗ್ಗೆ ನಮ್ಮ ತರಗತಿಯ ಗೆಳೆಯರದು ಒಂದೇ ಪ್ರಶ್ನೆ: “ಆ ಗಲಾಟೆಯಲ್ಲಿ ನಿನಗೆ ಏನಪ್ಪಾ ಅರ್ಥ ಆಗುತ್ತೆ?” ಪ್ರಶ್ನೆ ನ್ಯಾಯವಾದದ್ದೇ. ಇಂಟರ್ವಲ್‌ನ ಹತ್ತು ನಿಮಿಷದಲ್ಲಿ ಹೇಳಿ ಮುಗಿಸಲು ಆಗದ್ದರಿಂದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಗಲಾಟೆಯ ಹೆಸರು ಸೆಲ್ಟಿಕ್ ಪಂಕ್. ಪಂಕ್ ಎಂದರೆ ಎರಡು ಮೂರು ಸ್ವರಮೇಳಗಳಲ್ಲಿ, ವೇಗವಾಗಿ, ಗಟ್ಟಿಯಾಗಿ ಹಾಡುವ ಸಂಗೀತ. ಅದಕ್ಕೆ ಐರ್ಲೆಂಡಿನ ಜನಪದ ವಾದ್ಯಗಳಾದ ಪಿಟೀಲು, ಬ್ಯಾಂಜೊ, ಅಕಾರ್ಡಿಯನ್, ತಗಡಿನ ಕೊಳಲು, ಬ್ಯಾಗ್‌ಪೈಪ್ ಸೇರಿದರೆ ಸೆಲ್ಟಿಕ್ ಪಂಕ್. 1982ರಲ್ಲಿ ಲಂಡನ್ನಿನಲ್ಲಿ ಶುರುವಾದ ‘ದಿ ಪೋಗ್ಸ್’ ಬ್ಯಾಂಡ್ ಇದಕ್ಕೆ ದಾರಿ ಹಾಕಿತು. ನನ್ನ ಮೆಚ್ಚಿನ ‘ಡ್ರಾಪ್‌ಕಿಕ್ ಮರ್ಫೀಸ್’ ಹುಟ್ಟಿದ್ದು 1996ರಲ್ಲಿ, ಅಮೆರಿಕದ ಬೋಸ್ಟನ್ ಪಕ್ಕದ ಕ್ವಿನ್ಸಿಯಲ್ಲಿ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಬರಗಾಲ ಬಂದಾಗ ಸುಮಾರು 10 ಲಕ್ಷ ಜನ ಸತ್ತರು. ಅದಕ್ಕೂ ಹೆಚ್ಚು ಜನ ಊರು ಬಿಟ್ಟು ಹಡಗು ಹತ್ತಿದರು. ಅವರಲ್ಲಿ ಅನೇಕರು ಇಳಿದ ಊರು ಬೋಸ್ಟನ್. ಹಾಗಾಗಿ ಈ ಹಾಡುಗಳ ತುಂಬ ವಲಸೆ, ಹಡಗುಕಟ್ಟೆ, ಕೂಲಿ, ಕಾರ್ಮಿಕ ಸಂಘ. ಪಬ್ಬು, ಕುಡಿತದ ಮಾತೂ ಧಾರಾಳವಾಗಿದೆ. ಅದನ್ನು ದಾಟಿಕೊಂಡು ಕೇಳುತ್ತೇನೆ.

ಈ ಬ್ಯಾಂಡನ್ನು ನನಗೆ ಪರಿಚಯಿಸಿದ್ದು ನಮ್ಮ ಭಾಯಿ. ಅವರು ದುಬೈಯಲ್ಲಿ ಎಸಿ ಮೆಕ್ಯಾನಿಕ್. ಜೊತೆಗೆ ಕೆಲಸ ಮಾಡುವ ಫಿಲಿಪೀನ್ಸಿನ ಗೆಳೆಯನಿಂದ ಅವರಿಗೆ ಈ ಹುಚ್ಚು ಹತ್ತಿತು. ನಾನು ಎಂಟನೇ ತರಗತಿಯಲ್ಲಿದ್ದಾಗ ರಜೆಗೆ ಬಂದವರು ‘ಐ ಆ್ಯಮ್ ಶಿಪ್ಪಿಂಗ್ ಅಪ್ ಟು ಬೋಸ್ಟನ್’ ಹಾಡನ್ನು ಕೇಳಿಸಿದರು. 2005ರ ‘ದಿ ವಾರಿಯರ್ಸ್ ಕೋಡ್’ ಆಲ್ಬಮ್ಮಿನ ಈ ಹಾಡು ಮರುವರ್ಷ ‘ದಿ ಡಿಪಾರ್ಟೆಡ್’ ಸಿನಿಮಾದಲ್ಲಿ ಬಂದು ಲೋಕಪ್ರಸಿದ್ಧವಾಯಿತು. ಮೊಬೈಲಿನ ಕಿರು ವಿಡಿಯೊಗಳಲ್ಲಿ ನೀವೂ ಅದನ್ನು ಕೇಳಿರಬಹುದು. ಸಾಹಿತ್ಯ ಯಾರದು ಎಂದು ಹುಡುಕಿದಾಗ ಸಿಕ್ಕ ಹೆಸರು ವುಡಿ ಗತ್ರಿ. 1912ರಲ್ಲಿ ಓಕ್ಲಹೋಮಾದ ಓಕೀಮಾದಲ್ಲಿ ಹುಟ್ಟಿ, 1967ರಲ್ಲಿ ತೀರಿಕೊಂಡವರು. ಅಂದರೆ ಬ್ಯಾಂಡ್ ಹುಟ್ಟುವ 29 ವರ್ಷ ಮೊದಲೇ ಹಾಡು ಬರೆದವರು ಹೋಗಿದ್ದರು!

ಗತ್ರಿ 1930ರ ದಶಕದ ಧೂಳಿನ ಬಿರುಗಾಳಿಗೆ ಹೊಲ ಕಳೆದುಕೊಂಡು ಕ್ಯಾಲಿಫೋರ್ನಿಯಾ ಕಡೆಗೆ ಗುಳೆ ಹೊರಟವರ ನಡುವೆ ಓಡಾಡಿ ಹಾಡು ಕಟ್ಟಿದವರು. ‘ಈ ಯಂತ್ರ ಫ್ಯಾಸಿಸ್ಟರನ್ನು ಕೊಲ್ಲುತ್ತದೆ’ ಎಂದು ತಮ್ಮ ಗಿಟಾರಿನ ಮೇಲೆ ಬರೆದುಕೊಂಡಿದ್ದರು. ರಾಗ ಕಾಣದ ಸಾವಿರಾರು ಹಾಡುಗಳನ್ನು ಕಾಗದದಲ್ಲೇ ಬಿಟ್ಟು ಹೋದರು. ಅವರ ಮಗಳು ನೋರಾ ಗತ್ರಿ ಆ ಸಂಗ್ರಹವನ್ನು ಬ್ಯಾಂಡಿಗೆ ತೆರೆದಿಟ್ಟರು. ಅಲ್ಲಿಂದ ಆಯ್ದ ಸಾಹಿತ್ಯಕ್ಕೆ ರಾಗ ಹಾಕಿ, ಓಕ್ಲಹೋಮಾದ ಟಲ್ಸಾದಲ್ಲಿ ಧ್ವನಿಮುದ್ರಿಸಿ, 2022ರ ಸೆಪ್ಟೆಂಬರ್ 30ರಂದು ಹೊರತಂದ ಆಲ್ಬಮ್ ‘ದಿಸ್ ಮಷೀನ್ ಸ್ಟಿಲ್ ಕಿಲ್ಸ್ ಫ್ಯಾಸಿಸ್ಟ್ಸ್’. ಅದರಲ್ಲಿ 10 ಹಾಡುಗಳಿವೆ. ‘ಡಿಗ್ ಎ ಹೋಲ್’ ಹಾಡಿನಲ್ಲಿ ಗತ್ರಿಯವರ ಹಳೆಯ ದನಿಯೂ ಇದೆ. ಆದರೆ ಇಡೀ ಆಲ್ಬಮ್ಮಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ಇಲ್ಲ. ಅಕೂಸ್ಟಿಕ್ ವಾದ್ಯಗಳಷ್ಟೇ.

ಜಗಳ ಶುರುವಾಗಿದ್ದು ಇಲ್ಲಿ. ಕೆಲವು ಅಭಿಮಾನಿಗಳು ಹಿಗ್ಗಿದರು: ಇಷ್ಟು ದಿನ ಸದ್ದಿನಲ್ಲಿ ಮುಳುಗುತ್ತಿದ್ದ ಮಾತು ಈಗ ಕೇಳುತ್ತಿದೆ ಎಂದರು. ಕೆಲವರು ಬೇಸರಪಟ್ಟರು: ಕರೆಂಟ್ ತೆಗೆದ ಪಂಕ್ ಎಂಥ ಪಂಕ್ ಎಂದರು. ಆ ವರ್ಷ ಬ್ಯಾಂಡ್ ಅಮೆರಿಕದ ರಂಗಮಂದಿರಗಳಲ್ಲಿ, ಕುರ್ಚಿ ಕಾಯ್ದಿರಿಸಿ ಕೂತು ಕೇಳುವ ಕಾರ್ಯಕ್ರಮಗಳನ್ನು ಕೊಟ್ಟಿತು. ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುವುದೇ ಇವರ ಕಾರ್ಯಕ್ರಮದ ವಾಡಿಕೆ. ಆ ಜನ ಕುರ್ಚಿಯಲ್ಲಿ ಕೂತಿದ್ದನ್ನು ಊಹಿಸಿಕೊಂಡರೆ ನಗು ಬರುತ್ತದೆ. ಇನ್ನೊಂದು ಕೊರತೆಯೂ ಇತ್ತು. ಮುಖ್ಯ ಗಾಯಕ ಆಲ್ ಬಾರ್ ಕಾಯಿಲೆಯಿದ್ದ ತಾಯಿಯನ್ನು ನೋಡಿಕೊಳ್ಳಲು ಬ್ಯಾಂಡಿನಿಂದ ದೂರ ಉಳಿದಿದ್ದರು. ನಮ್ಮ ಅಮ್ಮಿಗೆ ಈ ಬ್ಯಾಂಡಿನ ಬಗ್ಗೆ ಗೊತ್ತಿರುವುದು ಇದೊಂದೇ ಸಂಗತಿ. ಅಷ್ಟರಿಂದಲೇ ಅವರಿಗೆ ಇವರೆಲ್ಲ ಒಳ್ಳೆಯ ಮಕ್ಕಳು.

ಭಾಯಿ ಬೇಸರಪಟ್ಟವರ ಗುಂಪಿಗೆ ಸೇರಿದರು, ನಾನು ಹಿಗ್ಗಿದವರ ಗುಂಪಿಗೆ. “ಇದು ಮಲಗುವ ಹೊತ್ತಿನ ಹಾಡು ಕಣೋ,” ಎಂದು ವಾಯ್ಸ್ ಮೆಸೇಜ್ ಕಳಿಸಿದರು. ನನಗೆ ಮಾತ್ರ ಇಂಗ್ಲಿಷ್ ಸಾಹಿತ್ಯ ಮೊದಲ ಸಲ ಪದ ಪದವಾಗಿ ಕಿವಿಗೆ ಬಿದ್ದಿತ್ತು. ತಿಳಿಯದ ಪದಕ್ಕೆ ನಿಘಂಟು ತೆಗೆದು ನೋಡಿದ್ದೇನೆ. “ಭಾಯಿ, ನೀವು ಇಷ್ಟು ವರ್ಷ ಡ್ರಮ್ ಕೇಳಿದ್ದೀರಿ, ಹಾಡು ಕೇಳಿಲ್ಲ,” ಎಂದು ನಾನೂ ಬಿಡಲಿಲ್ಲ. ಆಗ ಅವರು ಕಳಿಸಿದ ಉತ್ತರ ಇನ್ನೂ ನನ್ನ ಫೋನಿನಲ್ಲಿದೆ: “ಹತ್ತು ಗಂಟೆ ಬಿಸಿಲಲ್ಲಿ ಕೆಲಸ ಮಾಡಿ ರೂಮಿಗೆ ಬಂದವನಿಗೆ ಮೊದಲು ಎದ್ದು ನಿಲ್ಲೋಕೆ ಶಕ್ತಿ ಬೇಕು. ಅರ್ಥ ಆಮೇಲೆ.”

ಆ ಮಾತಿನ ಮುಂದೆ ನನ್ನ ನಿಘಂಟಿಗೆ ಉತ್ತರವಿರಲಿಲ್ಲ. ಭಾಯಿಗೆ ಸದ್ದು ಅಲಂಕಾರವಲ್ಲ, ಅದೇ ಅವರಿಗೆ ಕೈಹಿಡಿದು ಎಬ್ಬಿಸುವ ಗೆಳೆಯ. ಹಾಡಿನ ಮಾತೂ ದುಡಿಯುವವನದೇ, ಸದ್ದೂ ದುಡಿಯುವವನದೇ.

2025ರ ಜುಲೈ 4ರಂದು ಬ್ಯಾಂಡ್ ‘ಫಾರ್ ದಿ ಪೀಪಲ್’ ಆಲ್ಬಮ್ ತಂದಿತು. ಎಲೆಕ್ಟ್ರಿಕ್ ಗಿಟಾರುಗಳು ವಾಪಸ್ ಬಂದವು. ಒಂದು ಹಾಡಿಗೆ ಆಲ್ ಬಾರ್ ಕೂಡ ದನಿಗೂಡಿಸಿದರು. ಇನ್ನಾದರೂ ಎಲ್ಲರೂ ಒಂದಾಗಬೇಕಿತ್ತಲ್ಲ? ಆಗಲಿಲ್ಲ. ಈ ಸಲ ತಕರಾರು ಮಾತಿನ ಬಗ್ಗೆ. ಬ್ಯಾಂಡಿನ ಸ್ಥಾಪಕ ಕೆನ್ ಕೇಸಿ ಅಧ್ಯಕ್ಷ ಟ್ರಂಪ್ ಅವರನ್ನು ವೇದಿಕೆಯಿಂದಲೇ ಟೀಕಿಸುತ್ತಾರೆ. ಟ್ರಂಪ್ ಅವರನ್ನು ಮೆಚ್ಚುವ ಅಭಿಮಾನಿಗಳೂ ಈ ಬ್ಯಾಂಡಿಗೆ ಇದ್ದಾರೆ. ರಾಜಕೀಯ ಬಿಟ್ಟು ಹಾಡು ಹೇಳಿ ಎಂಬುದು ಕೆಲವರ ಒತ್ತಾಯ. ಆದರೆ ಹಡಗುಕಟ್ಟೆಯ ಕಾರ್ಮಿಕರ ಹಾಡಿನಿಂದ ಶುರುವಾದ ಬ್ಯಾಂಡ್ ಅದನ್ನು ಬಿಟ್ಟರೆ ಉಳಿಯುವುದೇನು?

ಆ ವರ್ಷದ ಮಾರ್ಚಿನಲ್ಲಿ ಫ್ಲಾರಿಡಾದಲ್ಲಿ ನಡೆದ ಒಂದು ಪ್ರಸಂಗ ನನಗೆ ಬಹಳ ಇಷ್ಟ. ಟ್ರಂಪ್ ಬೆಂಬಲದ ಟೀ ಶರ್ಟ್ ತೊಟ್ಟ ಅಭಿಮಾನಿಯೊಬ್ಬರನ್ನು ಕೇಸಿ ವೇದಿಕೆಯಿಂದ ಕಂಡು ಬಾಜಿ ಕಟ್ಟಿದರು: ಆ ಶರ್ಟ್ ಅಮೆರಿಕದಲ್ಲೇ ತಯಾರಾಗಿದ್ದರೆ 100 ಡಾಲರ್ ಜೊತೆಗೆ ಬ್ಯಾಂಡಿನ ಶರ್ಟ್ ಕೊಡುತ್ತೇನೆ, ಇಲ್ಲವಾದರೆ ಶರ್ಟ್ ಬದಲಾಯಿಸಿಕೊಳ್ಳಬೇಕು. ಪಟ್ಟಿ ನೋಡಿದರೆ ‘ನಿಕರಾಗುವಾ’! ಆ ಅಭಿಮಾನಿ ಮುನಿಸಿಕೊಳ್ಳದೆ ಶರ್ಟ್ ಬದಲಾಯಿಸಿಕೊಂಡರು. ಯಾರನ್ನೂ ಹೊರಗೆ ಹಾಕಲಿಲ್ಲ. ಹಾಡಿದವರು ತಮ್ಮ ಮಾತು ಬಿಡಲಿಲ್ಲ, ಕೇಳಲು ಬಂದವರು ಸಭೆ ಬಿಡಲಿಲ್ಲ.

ಅಭಿಮಾನಿ ಅಂದರೆ ಮೆಚ್ಚುವವನಷ್ಟೇ ಅಲ್ಲ, ಹಕ್ಕು ಚಲಾಯಿಸುವವನೂ ಹೌದು. ‘ಮೊದಲಿನ ಹಾಗಿರು’ ಎನ್ನುವುದು ಆ ಹಕ್ಕಿನ ಮಾತು. ಆದರೆ ಮೊದಲಿನ ಹಾಗೆ ಕೇಳಿಸುವುದು ಬೇರೆ, ಮೊದಲು ನಿಂತಿದ್ದ ಕಡೆಯೇ ನಿಲ್ಲುವುದು ಬೇರೆ. ಈ ಬ್ಯಾಂಡ್ ವಾದ್ಯ ಬದಲಾಯಿಸಿತು, ನಿಂತ ಜಾಗ ಬದಲಾಯಿಸಲಿಲ್ಲ. ನೀವು ಯಾವ ಗಾಯಕನನ್ನು, ಯಾವ ನಟನನ್ನು, ಯಾವ ಕ್ರಿಕೆಟ್ ತಂಡವನ್ನು ಮೆಚ್ಚಿದರೂ ಸರಿ. ‘ಮೊದಲಿನ ಹಾಗಿಲ್ಲ’ ಎನ್ನುವ ಮುಂಚೆ, ಮೊದಲು ನಾನು ಮೆಚ್ಚಿದ್ದು ಯಾವುದನ್ನು ಎಂದು ಒಮ್ಮೆ ಕೇಳಿಕೊಳ್ಳಿ.

ಇನ್ನೊಂದು ಲಾಭ ಹೇಳಲೇಬೇಕು. ಮೊದಲೆಲ್ಲ ಭಾಯಿಯ ಫೋನ್ ಬಂದರೆ “ಊಟ ಆಯ್ತಾ, ಓದ್ತಿದ್ದೀಯಾ, ಅಮ್ಮಿಗೆ ಕೊಡು” ಇಷ್ಟೇ. ಈಗ ಪ್ರತಿ ಶುಕ್ರವಾರ ಅರ್ಧ ಗಂಟೆ ಮಾತಾಡುತ್ತೇವೆ. ಹೊಸ ಆಲ್ಬಮ್ಮಿನ ‘ಹೂಲ್ ಸ್ಟ್ಯಾಂಡ್ ವಿತ್ ಅಸ್’ ಹಾಡಿನ ಹೆಸರಿಗೆ ‘ನಮ್ಮ ಜೊತೆ ಯಾರು ನಿಲ್ಲುತ್ತಾರೆ’ ಎಂದು ಅರ್ಥ ಹೇಳಿದೆ. “ಗಿಟಾರ್ ಚೆನ್ನಾಗಿದೆ,” ಎಂದರು ಭಾಯಿ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾತೂ ಪರವಾಗಿಲ್ಲ, ಉಳಿದದ್ದನ್ನೂ ಕನ್ನಡದಲ್ಲಿ ಬರೆದು ಕಳಿಸು,” ಎಂದರು.