ಉಮ್ಮನ ಮೊಣಕಾಲು ಮತ್ತು ಆ ಒಂದು ಸೂಜಿ

ಉಮ್ಮ ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡಲು ಆರಂಭಿಸಿ ಎರಡು ವರ್ಷವಾಗಿತ್ತು. ಮೊಣಕಾಲಿನ ನೋವಿಗಿಂತ ಅವರನ್ನು ಹೆಚ್ಚು ಕಾಡುತ್ತಿದ್ದುದು ಅದೇ. ಸಲಾಮ್ ಹೇಳಿ ಮುಗಿಸಿದ ಕೂಡಲೇ ಮಡಚಿಟ್ಟ ಮುಸಲ್ಲಾದ ಕಡೆ ನೋಡುತ್ತಾ, "ಹಣೆ ನೆಲಕ್ಕೆ ತಾಗದೆ ಎಷ್ಟು ಕಾಲವಾಯಿತು" ಎನ್ನುತ್ತಿದ್ದರು. "ರೋಗಿಗಳಿಗೆ ಅಲ್ಲಾಹನು ಕೊಟ್ಟ ರಿಯಾಯಿತಿಯಲ್ಲವೇ ಉಮ್ಮಾ ಅದು" ಎಂದು ನಾನು ಸಮಾಧಾನ ಹೇಳಿದರೆ, "ನಿನಗೆ ಅರ್ಥವಾಗದು. ನಿನ್ನ ಮೊಣಕಾಲು ಇನ್ನೂ ಮಡಚುತ್ತದಲ್ಲ" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಎಲುಬಿನ ಡಾಕ್ಟರರಿಗೆ ತೋರಿಸದೆ ಇರಲಿಲ್ಲ. ಟೋಕನ್ ಹಿಡಿದು ಮೂರು ಗಂಟೆ ಕಾದು ಒಳಗೆ ಹೋದರೆ ನಾಲ್ಕು ನಿಮಿಷದಲ್ಲಿ ಹೊರಗೆ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಸವೆದಿದೆ, ವಯಸ್ಸಾದ ಮೇಲೆ ಹೀಗೇ" ಎಂದರು. ನೋವಿಗೆ ಒಂದು ಮಾತ್ರೆ, ಅದರಿಂದ ಹೊಟ್ಟೆ ಉರಿಯದಿರಲು ಇನ್ನೊಂದು, ಜೊತೆಗೆ ವ್ಯಾಯಾಮದ ಚಿತ್ರಗಳಿದ್ದ ಒಂದು ಹಾಳೆ. ಆ ಹಾಳೆ ಅಡುಗೆ ಮನೆಯಲ್ಲಿ ಹಪ್ಪಳದ ಡಬ್ಬದ ಕೆಳಗೆ ಸೇರಿತು. ಡಾಕ್ಟರರು ಹೇಳಿದ್ದು ಒಂದೂ ತಪ್ಪಲ್ಲ. ಆದರೆ ಉಮ್ಮನಿಗೆ ಸುಜೂದ್ ಮಾಡಲಾಗುವುದಿಲ್ಲ ಎಂಬುದನ್ನು ಹೇಳಲು ಅಲ್ಲಿ ಸಮಯವೇ ಇರಲಿಲ್ಲ.

ಪಕ್ಕದ ಮನೆಯ ಹಜ್ಜುಮ್ಮ ಸೂಜಿ ಚಿಕಿತ್ಸೆಯ ಸುದ್ದಿ ತಂದದ್ದು ಆಗಲೇ. ಕೇರಳದಲ್ಲಿ ಅಕ್ಯುಪಂಕ್ಚರ್ ಕಲಿತು ಬಂದ ಹೆಂಗಸೊಬ್ಬರು ಪೇಟೆಯ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಶನಿವಾರ ಶನಿವಾರ ಕೂರುತ್ತಾರಂತೆ. ಹೆಂಗಸಾದ್ದರಿಂದ ಕಾಲು ತೋರಿಸಲು ಮುಜುಗರವಿಲ್ಲ. ಮದ್ದು ಇಲ್ಲ, ಮಾತ್ರೆ ಇಲ್ಲ, ಒಂದೇ ಒಂದು ಸೂಜಿ. ನನಗೆ ನಂಬಿಕೆ ಬರಲಿಲ್ಲ. ಆದರೂ ಉಮ್ಮನ ಮುಖ ನೋಡಿ ಕರೆದುಕೊಂಡು ಹೋದೆ.

ನ್ಯಾಯವಾಗಿ ಹೇಳಬೇಕೆಂದರೆ ಆ ಕೋಣೆ ನನಗೂ ಹಿಡಿಸಿತು. ಆಕೆ ಎದ್ದು ಬಂದು ಸಲಾಮ್ ಹೇಳಿ ಉಮ್ಮನ ಕೈ ಹಿಡಿದು ಕೂರಿಸಿದರು. ಎರಡೂ ಕೈಗಳ ನಾಡಿ ಹಿಡಿದು ನೋಡಿದರು. ನಿದ್ರೆ ಹೇಗೆ, ಹುಳಿ ಇಷ್ಟವೋ ಸಿಹಿಯೋ, ಮನಸ್ಸಿಗೆ ಬೇಸರವಿದೆಯೋ ಎಂದೆಲ್ಲ ಕೇಳಿದರು. ಉಪ್ಪ ತೀರಿಕೊಂಡ ಮೇಲಿನ ಆರು ವರ್ಷಗಳ ಕತೆಯನ್ನು ಉಮ್ಮ ಅಲ್ಲಿ ಹೇಳಿದಷ್ಟು ನಮಗ್ಯಾರಿಗೂ ಹೇಳಿರಲಿಲ್ಲ. ಕೊನೆಗೆ ಹೆಬ್ಬೆರಳಿನ ಬುಡದಲ್ಲಿ ಕೂದಲಿನಂಥ ಒಂದು ಸೂಜಿ. ಕಣ್ಣು ಮುಚ್ಚಿ ಮಲಗಿದ್ದ ಉಮ್ಮನ ತುಟಿಗಳಲ್ಲಿ ದ್ಸಿಕ್ರ್ ಇತ್ತು. ಮುನ್ನೂರು ರೂಪಾಯಿ ಕೊಟ್ಟು ಮೆಟ್ಟಿಲಿಳಿಯುವಾಗ, ಹತ್ತುವಾಗ ನನ್ನ ಭುಜ ಹಿಡಿದಿದ್ದ ಉಮ್ಮ ಬರೀ ಗೋಡೆ ಹಿಡಿದು ಇಳಿದರು.

ಮೂರನೆಯ ಶನಿವಾರ ಕಳೆದು ಬಂದ ಸೋಮವಾರ, ಅಸ್ರ್‌ನ ಹೊತ್ತಿಗೆ ನಾನು ಒಳಗೆ ಬಂದಾಗ ಕುರ್ಚಿ ಗೋಡೆಯ ಬದಿಗಿತ್ತು. ಉಮ್ಮ ಸುಜೂದ್‌ನಲ್ಲಿದ್ದರು. ಬಾಗಿಲಲ್ಲೇ ನಿಂತು ಅತ್ತುಬಿಟ್ಟೆ. ಅಂದು ಯಾರಾದರೂ ಬಂದು, ಅಕ್ಯುಪಂಕ್ಚರ್ ಎಂದರೆ ಬರೀ ನಂಬಿಕೆ ಎಂದಿದ್ದರೆ ನಾನೇ ಅವರೊಡನೆ ಜಗಳಕ್ಕೆ ನಿಲ್ಲುತ್ತಿದ್ದೆ.

ನಂತರ ನಡೆದದ್ದು ನನಗೆ ಗೊತ್ತಾದದ್ದು ತಡವಾಗಿ. ಉಮ್ಮನಿಗೆ ಹದಿನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆ. ಐದನೆಯ ಭೇಟಿಯಲ್ಲಿ ಆಕೆ, ಸಕ್ಕರೆ ಎಂಬುದು ರೋಗವೇ ಅಲ್ಲ, ಮಾತ್ರೆಗಳೇ ದೇಹವನ್ನು ಕೆಡಿಸುವ ವಿಷ, ಅಲ್ಲಾಹನು ಶರೀರದೊಳಗೇ ವೈದ್ಯನನ್ನು ಇಟ್ಟಿದ್ದಾನೆ, ಮಾತ್ರೆಗೆ ಅಂಟಿಕೊಳ್ಳುವುದು ತವಕ್ಕುಲ್‌ನ ಕೊರತೆ ಎಂದರಂತೆ. ಉಮ್ಮ ಮಾತ್ರೆ ನಿಲ್ಲಿಸಿದರು. ನಾನು ಬೈಯುತ್ತೇನೆಂದು ದಿನಕ್ಕೆರಡರಂತೆ ಸ್ಟ್ರಿಪ್ಪಿನಿಂದ ಒಡೆದು ತೆಂಗಿನ ಬುಡಕ್ಕೆ ಹಾಕುತ್ತಿದ್ದರು. "ಹೇಗಿದ್ದೀರಿ ಉಮ್ಮಾ" ಎಂದರೆ, "ಅಲ್‌ಹಮ್ದುಲಿಲ್ಲಾಹ್, ಮೈ ಹಗುರವಾಗಿದೆ" ಎನ್ನುತ್ತಿದ್ದರು. ಸುಳ್ಳಲ್ಲ, ಅವರಿಗೆ ಹಾಗೆಯೇ ಅನಿಸುತ್ತಿತ್ತು. ತೂಕ ಇಳಿದದ್ದನ್ನು ನೋಡಿ ನಾನೂ ಸಂತೋಷಪಟ್ಟೆ. ಮಾತ್ರೆಯಿಲ್ಲದೆ ದೇಹ ಕರಗುತ್ತಿದೆ ಎಂದು ನನಗೇನು ಗೊತ್ತು!

ಎರಡು ತಿಂಗಳು ಕಳೆದಿರಬೇಕು. ಕಾಲುಂಗುರ ತೊಡದ ಆ ಬೆರಳುಗಳಲ್ಲಿ ಕಿರುಬೆರಳು ಕಪ್ಪಾಗಿರುವುದನ್ನು ನನ್ನ ಮಗಳು ನೋಡಿ ಓಡಿ ಬಂದು ಹೇಳಿದಳು. ಹೊಸ ಚಪ್ಪಲಿ ಕಚ್ಚಿದ ಗಾಯ. "ನೋವಿಲ್ಲ ಬಿಡು" ಎಂದರು ಉಮ್ಮ. ಆಸ್ಪತ್ರೆಯಲ್ಲಿ ಸಕ್ಕರೆ ನೋಡಿದಾಗ 426. ಹನ್ನೆರಡು ದಿನ ಇದ್ದೆವು. ಪಾದ ಉಳಿಯಿತು, ಕಿರುಬೆರಳು ಉಳಿಯಲಿಲ್ಲ. ಅಲ್ಲಿದ್ದ ಯುವ ಡಾಕ್ಟರ್ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ವರ್ಷಗಟ್ಟಲೆ ಸಕ್ಕರೆ ಏರಿದರೆ ಪಾದದ ನರಗಳು ಸತ್ತು ಹೋಗುತ್ತವೆ, ನೋವಿಲ್ಲದಿರುವುದೇ ಅಲ್ಲಿ ಅಪಾಯದ ಗುರುತು ಎಂದರು ಆತ.

ಆ ಹನ್ನೆರಡು ದಿನ ಆಸ್ಪತ್ರೆಯ ಬೆಂಚಿನಲ್ಲಿ ಕುಳಿತು ನನ್ನನ್ನು ಕೊರೆದ ಪ್ರಶ್ನೆ ಒಂದೇ. ಸೂಜಿ ಸುಳ್ಳಾದರೆ ಸುಜೂದ್ ಹೇಗೆ ನಿಜವಾಯಿತು? ಮನೆಗೆ ಬಂದ ಮೇಲೆ ಓದಲು ಶುರು ಮಾಡಿದೆ.

ಸೂಜಿಯನ್ನು ಪರೀಕ್ಷಿಸಲು ವಿಜ್ಞಾನಿಗಳು ಹುಸಿ ಸೂಜಿಯ ಉಪಾಯ ಮಾಡಿದ್ದಾರೆ. ಕೆಲವು ಕಡೆ ನಾಟಕದ ಚೂರಿಯಂತೆ ಒತ್ತಿದರೆ ಹಿಡಿಯೊಳಗೇ ಸರಿಯುವ ಮೊಂಡು ಸೂಜಿ, ಕೆಲವು ಕಡೆ ಶಾಸ್ತ್ರದಲ್ಲಿ ಇಲ್ಲದ ಜಾಗಗಳಲ್ಲಿ ಸುಮ್ಮನೆ ಮೇಲಿಂದ ಮೇಲೆ ಚುಚ್ಚುವುದು. ರೋಗಿಗೆ ವ್ಯತ್ಯಾಸ ತಿಳಿಯದು. ಜರ್ಮನಿಯಲ್ಲಿ ಬೆನ್ನು ನೋವಿನ 1,162 ಮಂದಿಯ ಮೇಲೆ ನಡೆಸಿದ ಇಂಥ ಪರೀಕ್ಷೆಯ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ಶಾಸ್ತ್ರೋಕ್ತ ಸೂಜಿ ಪಡೆದವರಲ್ಲಿ ಶೇಕಡಾ 47.6 ಮಂದಿಗೆ ಗುಣ ಕಂಡಿತ್ತು. ಎಲ್ಲೆಲ್ಲೋ ಚುಚ್ಚಿಸಿಕೊಂಡವರಲ್ಲಿ ಶೇಕಡಾ 44.2. ಮಾತ್ರೆ, ವ್ಯಾಯಾಮದ ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ 27.4 ಮಾತ್ರ! ಅಂದರೆ ಸೂಜಿಯಿಂದ ಗುಣ ಕಂಡದ್ದು ನಿಜ, ಆದರೆ ಎಲ್ಲಿ ಚುಚ್ಚಿದರು ಎಂಬುದು ಮುಖ್ಯವಾಗಿರಲಿಲ್ಲ. ಕೆಲವು ದೊಡ್ಡ ಲೆಕ್ಕಾಚಾರಗಳಲ್ಲಿ ಶಾಸ್ತ್ರೋಕ್ತ ಸೂಜಿ ಹುಸಿ ಸೂಜಿಗಿಂತ ತುಸು ಮುಂದಿರುವುದೂ ಉಂಟು. ಆ ತುಸುವಿಗೆ ಮೈಯೊಳಗಿನ ಶಕ್ತಿ ನಾಲೆಗಳ ಕತೆ ಬೇಕೇ ಎಂಬುದು ನನ್ನ ಸಂಶಯ. ದೇಹವನ್ನು ಕೊಯ್ದು ನೋಡಿದವರಿಗೆ ನರ, ರಕ್ತನಾಳ ಸಿಕ್ಕಿವೆ, ಆ ನಾಲೆಗಳು ಸಿಕ್ಕಿಲ್ಲ.

ಹಾಗಾದರೆ ಗುಣ ಮಾಡಿದ್ದು ಯಾವುದು? ಒಂದು, ನೋವಿನ ಸ್ವಭಾವ. ಸವೆದ ಮೊಣಕಾಲಿನ ನೋವು ಏರುತ್ತದೆ, ಇಳಿಯುತ್ತದೆ. ತಡೆಯಲಾಗದಷ್ಟು ಏರಿದಾಗಲೇ ನಾವು ಹೊಸ ವೈದ್ಯರನ್ನು ಹುಡುಕುವುದು. ಆಮೇಲೆ ತಾನಾಗಿ ಇಳಿದರೂ ಕೀರ್ತಿ ಅವರಿಗೆ. ಉಮ್ಮ ಹೋದದ್ದು ಆಟಿ ತಿಂಗಳ ಮಳೆಯಲ್ಲಿ, ನೋವು ಅತಿ ಹೆಚ್ಚಿದ್ದಾಗ. ಎರಡನೆಯದು ಡಾಕ್ಟರರು ಪ್ಲಾಸಿಬೊ ಎಂದು ಕರೆಯುವುದು. ಒಳಗೆ ಮದ್ದಿಲ್ಲದ ಮಾತ್ರೆಯಾದರೂ ಮದ್ದೆಂದು ನಂಬಿ ತಿಂದಾಗ, ನಮ್ಮವರೆಂದು ಅನಿಸಿದವರು ಕೈ ಹಿಡಿದಾಗ ಆಗುವ ನಿರಾಳ. ಇದು ನಟನೆಯಲ್ಲ. ಗುಣವಾಗುತ್ತದೆಂಬ ನಿರೀಕ್ಷೆ ಹುಟ್ಟಿದಾಗ ಮೆದುಳು ತನ್ನದೇ ನೋವು ನಿವಾರಕಗಳನ್ನು ಬಿಡುಗಡೆ ಮಾಡುತ್ತದೆಂದು ಪ್ರಯೋಗಗಳು ತೋರಿಸಿವೆ.

ನಮ್ಮವರಿಗೆ ಇದು ಹೊಸತೂ ಅಲ್ಲ. ನೆಲದ ಮೇಲಿಟ್ಟ ಹಲಗೆಯ ಮೇಲೆ ನಿರಾತಂಕವಾಗಿ ನಡೆಯುವವನು ಅದೇ ಹಲಗೆಯನ್ನು ಕಂದಕದ ಮೇಲೆ ಸೇತುವೆಯಾಗಿ ಇಟ್ಟರೆ ನಡುಗುತ್ತಾನೆ ಎಂದು ಇಬ್ನ್ ಸೀನಾ ಸಾವಿರ ವರ್ಷಗಳ ಹಿಂದೆ ಬರೆದರು. ಮನಸ್ಸಿನ ಕಲ್ಪನೆ ಮೈಯ ಮೇಲೆ ಮಾಡುವ ಪರಿಣಾಮಕ್ಕೆ ಅವರು ಕೊಟ್ಟ ಉದಾಹರಣೆಯಿದು. ಅವರಿಗಿಂತ ಮೊದಲಿನ ಅರ್ರಾಝಿಯವರಂತೂ ಒಂದು ಗುಂಪಿನ ರೋಗಿಗಳಿಗೆ ರಕ್ತ ತೆಗೆದು, ಇನ್ನೊಂದು ಗುಂಪನ್ನು ಬೇಕೆಂದೇ ಹಾಗೆಯೇ ಬಿಟ್ಟು ಹೋಲಿಸಿ ನೋಡಿದೆನೆಂದು ದಾಖಲಿಸಿದ್ದಾರೆ. ನನಗೆ ಗುಣವಾಯಿತು ಎಂಬ ಒಬ್ಬರ ಮಾತು ಸಾಲದು ಎಂಬುದು ಬಗ್ದಾದಿನ ಆಸ್ಪತ್ರೆಯ ಮುಖ್ಯ ವೈದ್ಯರಾಗಿದ್ದ ಅವರಿಗೆ ಅಂದೇ ಗೊತ್ತಿತ್ತು.

ಆದರೆ ನನ್ನ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿದ್ದು ಉಬ್ಬಸ ರೋಗಿಗಳ ಮೇಲೆ ಅಮೆರಿಕದ ಬಾಸ್ಟನ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಸಣ್ಣ ಪರೀಕ್ಷೆಯಲ್ಲಿ. ಅದೇ ರೋಗಿಗಳಿಗೆ ಒಮ್ಮೆ ನಿಜವಾದ ಇನ್‌ಹೇಲರ್, ಒಮ್ಮೆ ಮದ್ದಿಲ್ಲದ ಇನ್‌ಹೇಲರ್, ಒಮ್ಮೆ ಹುಸಿ ಸೂಜಿ, ಇನ್ನೊಮ್ಮೆ ಏನೂ ಇಲ್ಲ. ಹೇಗಿದೆ ಎಂದು ಕೇಳಿದಾಗ ಇನ್‌ಹೇಲರ್, ಹುಸಿ ಇನ್‌ಹೇಲರ್, ಹುಸಿ ಸೂಜಿ ಮೂರರಲ್ಲೂ ರೋಗಿಗಳು ಹೆಚ್ಚುಕಡಿಮೆ ಒಂದೇ ಉತ್ತರ ಕೊಟ್ಟರು: ಅರ್ಧದಷ್ಟು ಪರವಾಗಿಲ್ಲ. ಆದರೆ ಯಂತ್ರಕ್ಕೆ ಊದಿಸಿ ಉಸಿರನ್ನು ಅಳೆದಾಗ ನಿಜವಾದ ಮದ್ದಿನಿಂದ ಶೇಕಡಾ 20ರಷ್ಟು ಸುಧಾರಣೆ. ಉಳಿದ ಎರಡರಲ್ಲಿ ಸುಮಾರು ಶೇಕಡಾ 7. ಏನೂ ಮಾಡದೆ ಬಿಟ್ಟಾಗಲೂ ಅದೇ 7! ಮನಸ್ಸಿಗೆ ಉಸಿರು ಸಲೀಸಾಗಿತ್ತು, ಶ್ವಾಸಕೋಶಕ್ಕೆ ಆಗಿರಲಿಲ್ಲ.

ಅದನ್ನು ಓದಿದಾಗ ಉಮ್ಮನ ಮಾತು ಕಿವಿಗೆ ಬಡಿಯಿತು. ಮೈ ಹಗುರವಾಗಿದೆ. ಮೊಣಕಾಲಿನ ನೋವು ಅನುಭವಕ್ಕೆ ಸೇರಿದ್ದು, ಅದು ಕಡಿಮೆಯೆನಿಸಿದರೆ ಕಡಿಮೆಯೇ. ಆದರೆ ರಕ್ತದ ಸಕ್ಕರೆ, ಬಿಪಿ, ಗರ್ಭಿಣಿಯ ರಕ್ತಸ್ರಾವ ಇವು ಅನಿಸಿಕೆಯನ್ನು ಕೇಳಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. 2024ರ ಫೆಬ್ರವರಿಯಲ್ಲಿ ತಿರುವನಂತಪುರದಲ್ಲಿ ಆಸ್ಪತ್ರೆಗೆ ಹೋಗದೆ ಮನೆಯಲ್ಲೇ ಹೆರಿಗೆಗೆ ಕೂತ ತಾಯಿಯೂ ಮಗುವೂ ತೀರಿಕೊಂಡರು. ಆಕೆಗೆ ಅಕ್ಯುಪಂಕ್ಚರ್ ಚಿಕಿತ್ಸೆ ಕೊಡುತ್ತಿದ್ದವರನ್ನೂ ಪೊಲೀಸರು ಬಂಧಿಸಿದರು. ಆ ಸುದ್ದಿಯನ್ನು ನಾನು ಅಂದು ಅಯ್ಯೋ ಎಂದು ಓದಿ ಪುಟ ತಿರುವಿದ್ದೆ.

ತವಕ್ಕುಲ್‌ನ ಮಾತು ನನಗೆ ಇನ್ನೂ ಸಿಟ್ಟು ತರಿಸುತ್ತದೆ. ಒಂಟೆಯನ್ನು ಕಟ್ಟಿ ಆಮೇಲೆ ಭರವಸೆಯಿಡಲು ಹೇಳಿದವರು ಪ್ರವಾದಿ(ಸ). ಚಿಕಿತ್ಸೆ ಮಾಡಿಸಿಕೊಳ್ಳಿ ಎಂದವರೂ ಅವರೇ. ವೈದ್ಯವಿದ್ಯೆ ತಿಳಿಯದೆ ವೈದ್ಯ ಮಾಡಿದವನೇ ಹಾನಿಗೆ ಹೊಣೆ ಎಂದೂ ಹದೀಸ್‌ನಲ್ಲಿದೆ. ಇಷ್ಟನ್ನು ಮದ್ರಸದ ಮಕ್ಕಳೂ ಬಲ್ಲರು. ಆದರೂ ಮುಸಲ್ಲಾದ ಮೇಲಿನ ಆಸೆಯನ್ನೇ ಹಿಡಿದು ಒಬ್ಬರು ಮಾತಾಡಿದಾಗ ಉಮ್ಮ ಕರಗಿದರು. ನಾನು ಮೂರು ಗಂಟೆ ಕಾಯಿಸಿದ ಆಸ್ಪತ್ರೆಯನ್ನು ಮಾತ್ರ ದೂರುತ್ತಿದ್ದೆ. ಮನೆಯಲ್ಲಿ ಉಮ್ಮನ ಬಳಿ ನಲ್ವತ್ತು ನಿಮಿಷ ಕೂತವರು ಯಾರಿದ್ದರು?

ಗಾಯ ಆರಿದ ಮೇಲೆ ಒಂದು ದಿನ ಉಮ್ಮ ಕೇಳಿದರು.

"ಅಂದರೆ ನನ್ನ ನೋವು ಸುಳ್ಳಾಗಿತ್ತು ಎನ್ನುತ್ತೀಯಾ?"

"ಇಲ್ಲ ಉಮ್ಮಾ. ನೋವೂ ನಿಜ, ಕಡಿಮೆಯಾದದ್ದೂ ನಿಜ. ಸಕ್ಕರೆಯ ಮಾತು ಮಾತ್ರ ಸುಳ್ಳು."

"ಅವಳು ಒಳ್ಳೆಯವಳು. ನನಗೆ ಕೆಡುಕು ಮಾಡಬೇಕೆಂದು ಮಾಡಿದ್ದಲ್ಲ."

"ಇರಬಹುದು. ಬೆರಳು ಮಾತ್ರ ಹೋಯಿತು."

ಉಮ್ಮ ತಮ್ಮ ಪಾದವನ್ನು ನೋಡಿ ಸೆರಗು ಎಳೆದುಕೊಂಡರು. ಮತ್ತೆ ಆ ವಿಷಯ ಎತ್ತಲಿಲ್ಲ.

ಹಪ್ಪಳದ ಡಬ್ಬದ ಕೆಳಗಿನ ಹಾಳೆ ಈಗ ಗೋಡೆಗೆ ಅಂಟಿದೆ. ಅಸ್ರ್ ನಂತರ ಉಮ್ಮ ಮಂಚದಂಚಿನಲ್ಲಿ ಕೂತು ಕಾಲು ನೀಡಿ ಹತ್ತು ಎಣಿಸುತ್ತಾರೆ, ನಾನೂ ಪಕ್ಕದಲ್ಲಿ ಕೂತು ಕಾಲು ನೀಡುತ್ತೇನೆ. ಅದು ಮುಗಿದ ಮೇಲೆ ಪಾದವನ್ನು ಬೆಳಕಿಗೆ ಹಿಡಿದು ಬೆರಳುಗಳ ಸಂದಿ ನೋಡುವುದು ನನ್ನ ಮಗಳ ಕೆಲಸ. ಆ ಹೊತ್ತಿನಲ್ಲೇ ಉಮ್ಮನ ಮಾತುಗಳೆಲ್ಲ ಬರುತ್ತವೆ, ಉಪ್ಪನ ಕತೆಗಳೂ. ಸುಜೂದ್ ಕೆಲವು ದಿನ ನೆಲದ ಮೇಲೆ, ಹೆಚ್ಚಿನ ದಿನ ಕುರ್ಚಿಯಲ್ಲೇ. ರಾತ್ರಿ ಮಲಗುವ ಮುಂಚೆ ಮಾತ್ರೆ ನುಂಗಿ ಖಾಲಿ ಸ್ಟ್ರಿಪ್ಪನ್ನು ನನ್ನ ದಿಂಬಿನ ಪಕ್ಕ ಇಟ್ಟು ಹೋಗುತ್ತಾರೆ. ನಾನು ಕೇಳಿದ್ದಲ್ಲ.